ಬಾಡದ ಮೀನಣ್ಣನ ಹಿಂಬದಿ ಬ್ರೇಕು

ಸೈಕಲ್ ರಿಪೇರಿಗೆ ಬರುವವರು ಸಾಮಾನ್ಯವಾಗಿ ಸೈಕಲ್ಲನ್ನೇ ಬೈಯುತ್ತ ಬರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಆ ಜಾತಿ. ಚೈನಿಗೆ ವರ್ಷಗಟ್ಟಲೆ ಎಣ್ಣೆ ತೋರಿಸದೆ ‘ಮಾಲೇ ಸರಿ ಇಲ್ಲ’ ಅನ್ನುವವರು, ಮೂರು ಜನ ಕೂತು ಹೊಂಡಕ್ಕೆ ಇಳಿಸಿ ‘ರಿಮ್ಮು ತಾನಾಗೇ ಬೆಂಡಾಯ್ತು’ ಅನ್ನುವವರು. ಇಂಥವರ ಜೊತೆ ವಾದ ಮಾಡಿ ಮಾಡಿಯೇ ನನ್ನ ಬಾಯಿ ಇಷ್ಟು ಜೋರಾಯಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಆದರೆ ಬಾಡ ಎಂಬ ಊರಿನ ಮೀನಣ್ಣ ಬಂದ ದಿನ ನನಗೆ ಜಗಳಕ್ಕೆ ಜಾಗವೇ ಸಿಗಲಿಲ್ಲ. ಅವರು ಸೈಕಲ್ಲಿನ ಮೇಲೆ ಒಂದೂ ದೂರು ಹೇಳಲಿಲ್ಲ. ದೂರೆಲ್ಲ ತಮ್ಮ ಮೈಮೇಲೆಯೇ ಇತ್ತು.

“ಸೈಕಲ್ ಚಲೋ ಅದೆ. ನನ್ನ ಹತ್ರವೇ ಆಗೂದಿಲ್ಲ ಈಗ. ತಕಂಬವ್ರು ಯಾರಾದ್ರೂ ಇದ್ರೆ ಹೇಳು ಮಾರಾಯಾ,” ಅಂದರು.

ಆಗಿನ್ನೂ ಎರಡು ಸಾವಿರದ ಇಸವಿ ಕಳೆದ ಹೊಸತು. ಕುಮಟೆಯ ಹೊರಗೆ, ರಸ್ತೆ ಬದಿಯಲ್ಲಿ ನನ್ನ ಅಂಗಡಿ. ಬಾಡದ ದಡದಲ್ಲಿ ಮೀನು ಕೊಂಡು, ಹಿಂದಿನ ಕ್ಯಾರಿಯರಿನ ಮೇಲೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿಕೊಂಡು, ಈ ಅಣ್ಣ ದಿನಾ ಬೆಳಿಗ್ಗೆ ನನ್ನ ಅಂಗಡಿಯ ಮುಂದೆಯೇ ಒಳಗಿನ ಹಳ್ಳಿಗಳಿಗೆ ಹೋಗುವುದು. ಅವರ ಹಾರ್ನು ಕೇಳಿದ ಮೇಲೆ ನನ್ನ ಹೆಂಡತಿ ಸಾರಿಗೆ ಮಸಾಲೆ ಕಡೆಯುವುದು. ಆ ಹೊತ್ತಿಗೆ ಮೀನು ಮಾರುವವರಲ್ಲಿ ಕೆಲವರು ಮೊಪೆಡ್ಡಿಗೆ, ಕೆಲವರು ರಿಕ್ಷಾಕ್ಕೆ ಹೋಗಿಯಾಗಿತ್ತು. ಇವರು ಮಾತ್ರ ಆ ಹಳೇ ಕರಿ ಸೈಕಲ್ಲಿಗೇ ಅಂಟಿಕೊಂಡಿದ್ದರು.

“ಎಂತ ಆಯ್ತು ನಿಮ್ಗೆ?” ಅಂದೆ.

“ಏರಲ್ಲಿ ಉಸ್ರು ಸಿಕ್ಕೂದಿಲ್ಲ. ತುಳಿದ್ರೂ ಮುಂದೆ ಹೋಗೂದಿಲ್ಲ, ಯಾರೋ ಹಿಂದಿಂದ ಹಿಡ್ಕಂಡ ಹಾಂಗೆ. ಹೊನ್ನಾವರದ ಡಾಕ್ಟ್ರು ಎದೆಗೆ ವಯರ್ ಹಚ್ಚಿ ನೋಡಿದ್ರು. ಎಂತದೂ ಇಲ್ಲ, ವಯಸ್ಸಾಯ್ತು, ಕಡಿಮೆ ಮಾಡಿ ಅಂದ್ರು. ನಮ್ಮಣ್ಣಂಗೂ ಹಿಂಗೇ ಸುರುವಾಗಿದ್ದು. ಆಮೇಲೆ ಒಂದಿನ ದಡದಲ್ಲೇ ಕೂತವ ಏಳ್ಲಿಲ್ಲ.”

ತಮ್ಮ ಹೆಂಡತಿ ಹೆದರಿ ಇಡಗುಂಜಿ ಗಣಪತಿಗೆ ಹರಕೆ ಹೊತ್ತಿದ್ದಾಳೆ, ಈ ತಿಂಗಳು ಮುಗಿದರೆ ಸಾಕು ತಿರುಗಾಟ ಬಿಡಿಸುತ್ತಾಳೆ ಎಂದೂ ಹೇಳಿದರು. “ಬಿಟ್ಟು ಎಂತ ಮಾಡ್ತ್ರಿ?” ಎಂದು ಕೇಳಿದೆ. “ಬಲೆ ಕಟ್ಟೂದು. ಇಲ್ಲ ಅಂದ್ರೆ ಕೂತ್ಕಂಬೂದು,” ಅಂದರು. ಕೂತುಕೊಳ್ಳುವುದು ಅನ್ನುವಾಗ ಅವರ ಮುಖ ನೋಡಲಿಕ್ಕೆ ಆಗಲಿಲ್ಲ ನನಗೆ. ನಲವತ್ತು ಮನೆ ಬಾಗಿಲಲ್ಲಿ ಮಾತಾಡಿ ಬರುವ ಮನುಷ್ಯ ಒಂದೇ ಬಾಗಿಲಲ್ಲಿ ಕೂತರೆ ಏನಾಗುತ್ತದೆ ಎಂದು ಹೇಳಲು ಡಾಕ್ಟರು ಬೇಡ.

ಮಾರುವುದಾದರೂ ಒಮ್ಮೆ ನೋಡಿ ಕೊಡುತ್ತೇನೆ ಎಂದು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದೆ. ಹಳೇ ಮಾದರಿಯ ಬ್ರೇಕು ಅದು, ಕೇಬಲ್ಲಿನದಲ್ಲ, ಸರಳಿನದು. ಹಿಡಿಕೆ ಒತ್ತಿದರೆ ಹ್ಯಾಂಡಲ್ಲಿನಿಂದ ಒಂದು ಸರಳು ಕೆಳಗಿಳಿದು, ಪೆಡಲಿನ ಹತ್ತಿರದ ಕೀಲನ್ನು ತಿರುಗಿಸಿ, ಹಿಂಗಾಲಿಯನ್ನು ಅಪ್ಪಿಕೊಂಡಿರುವ ಲಾಳದಾಕಾರದ ಕಬ್ಬಿಣವನ್ನು ಎಳೆಯುತ್ತದೆ. ಅದನ್ನು ನಾವು ಲಾಳ ಎಂದೇ ಕರೆಯುವುದು. ಲಾಳದ ಎರಡೂ ತುದಿಗೆ ರಬ್ಬರು. ಅದು ರಿಮ್ಮಿನ ಒಳಮೈಗೆ ಒತ್ತಿ ಗಾಲಿ ನಿಲ್ಲಿಸುತ್ತದೆ. ಹಿಡಿಕೆ ಬಿಟ್ಟಾಗ ಸ್ಪ್ರಿಂಗು ಲಾಳವನ್ನು ಹಿಂದಕ್ಕೆ ತಳ್ಳಬೇಕು. ಲಾಳ ಆಚೀಚೆ ಅಲ್ಲಾಡದೆ ನೇರ ಸರಿಯಲಿ ಎಂದು ಎರಡು ಕಡೆ ಗೈಡು, ಅಂದರೆ ಸಣ್ಣ ಕಬ್ಬಿಣದ ಬಳೆ.

ನಾನು ಹಿಡಿಕೆ ಒತ್ತಿ ಬಿಟ್ಟೆ. ಲಾಳ ಹಿಂದೆ ಬಂತು, ಆದರೆ ಸೋಮಾರಿಯಾಗಿ ಬಂತು. ಗಾಲಿ ತಿರುಗಿಸಿದರೆ ಒಂದು ಕಡೆ ರಬ್ಬರು ಸ್ವಲ್ಪ ಸವರುತ್ತಿತ್ತು. “ಅಣ್ಣಾ, ನಿಮ್ಮ ಬ್ರೇಕು ಹಿಡಿತದೆ,” ಅಂದೆ. ಅವರು ನಂಬಲಿಲ್ಲ. “ಅದು ಇಷ್ಟೇ ಇಷ್ಟು. ನಂದು ಎದೆ,” ಅಂದರು.

ಪೆಟ್ಟಿಗೆಯಿಂದ ಸೋರಿದ ಉಪ್ಪುನೀರೆಲ್ಲ ಸರಿಯಾಗಿ ಆ ಲಾಳದ ಮೇಲೇ ಬೀಳುತ್ತಿತ್ತು. ತುಕ್ಕು ಎಂದು ತೀರ್ಮಾನಿಸಿದೆ. ಕೀಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ, ಸವೆದ ರಬ್ಬರು ತೆಗೆದು ಹೊಸದು ಹಾಕಿದೆ, ಸ್ಪ್ರಿಂಗು ಬಿಚ್ಚಿ ಸ್ವಲ್ಪ ಎಳೆದು ಬಿಗಿ ಮಾಡಿದೆ. ಗೈಡಿನ ಒಳಗೆ ಕಂದು ಬಣ್ಣದ ಪೊರೆಯಂತೆ ಏನೋ ಇತ್ತು. ತುಕ್ಕಿನ ಕಲೆ ಇರಬೇಕೆಂದು ಬಟ್ಟೆಯಲ್ಲಿ ಒರೆಸಿ ಬಿಟ್ಟೆ. ಕೆಲಸ ಮುಗಿದ ಮೇಲೆ ಗಾಲಿ ಗಿರ್ರನೆ ತಿರುಗಿತು. ಮರುದಿನ ಬೆಳಿಗ್ಗೆ ಅವರು ಹಾರ್ನು ಹೊಡೆದು ಕೈಯೆತ್ತಿ ಹೋದರು. ಗೆದ್ದೆ ಅಂದುಕೊಂಡೆ.

ವಾರ ಕಳೆದಿತ್ತೋ ಇಲ್ಲವೋ, ಮತ್ತೆ ಬಂದರು. ಸೈಕಲ್ ಹತ್ತಿರಲಿಲ್ಲ, ತಳ್ಳಿಕೊಂಡೇ ಬಂದಿದ್ದರು. “ಮೊದ್ಲು ನಾಲ್ಕು ದಿನ ಚಲೋ ಇತ್ತು. ಮತ್ತೆ ಅದೇ ಹಾಡು. ನಾ ಹೇಳ್ಲಿಲ್ವ, ಎದೆ ಅಂತ.”

ಮತ್ತೆ ಸ್ಟ್ಯಾಂಡಿಗೆ ಹಾಕಿದೆ. ಎರಡು ಬೆರಳಲ್ಲಿ ಹಿಡಿಕೆ ಒತ್ತಿದೆ, ಬಿಟ್ಟೆ. ಲಾಳ ಸರಿಯಾಗಿಯೇ ಹಿಂದೆ ಬಂತು. ಗಾಲಿ ತಿರುಗಿಸಿದರೆ ಎಲ್ಲೂ ಸವರಲಿಲ್ಲ. ರಿಮ್ಮು ಡೊಂಕಿದೆಯೇ ಎಂದು ಕಡ್ಡಿ ಕಡ್ಡಿಯನ್ನೂ ಬಿಗಿ ಮಾಡಿ ನೋಡಿದೆ. ಇಲ್ಲ. ಬೇರಿಂಗಿನ ಗುಂಡು ಒಡೆದಿದೆಯೇ ಎಂದು ಗಾಲಿ ನಡುವಿನ ಹಬ್ಬು ಬಿಚ್ಚಿದೆ. ಅದೂ ಇಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ಅಣ್ಣ ಬೆಂಚಿನ ಮೇಲೆ ಸುಮ್ಮನೆ ಕೂತು, ಸೈಕಲ್ಲಿನದು ಏನೂ ಇಲ್ಲ ಎಂದು ನಾನು ಹೇಳುವುದನ್ನೇ ಕಾಯುತ್ತಿದ್ದರು. ನಾನು ಹಾಗೆ ಹೇಳಿದ ಕೂಡಲೇ ಅವರ ತಿರುಗಾಟ ಮುಗಿಯಿತು ಎಂದೇ ಅರ್ಥ. ಅದಕ್ಕೇ ಹೇಳಲಿಲ್ಲ. “ಸ್ಪ್ರಿಂಗು ಹೋಯ್ದು, ಭಟ್ಕಳದಿಂದ ತರ್ಬೇಕು,” ಎಂದು ಸೈಕಲ್ ಸಮೇತ ಅವರನ್ನು ಕಳಿಸಿದೆ.

ಆ ಮಾದರಿಯ ಬಿಡಿಭಾಗ ಕುಮಟೆಯಲ್ಲಿ ಸಿಗುವುದು ನಿಂತುಹೋಗಿತ್ತು. ಭಟ್ಕಳದಲ್ಲಿ ಒಬ್ಬ ವಯಸ್ಸಾದ ಸಾಹೇಬರ ಅಂಗಡಿಯಲ್ಲಿ ಮಾತ್ರ ಹಳೇ ಮಾಲು ಇರುತ್ತಿತ್ತು. ಭಾನುವಾರ ಬಸ್ಸು ಹತ್ತಿ ಹೋದೆ. ಅವರು ಅಟ್ಟದಿಂದ ಒಂದು ಡಬ್ಬಿ ಇಳಿಸಿ, ಹುಡುಕಿ, ಕಾಗದ ಸುತ್ತಿದ ಸ್ಪ್ರಿಂಗು ತೆಗೆದುಕೊಟ್ಟರು. ನಾನು ಕತೆಯೆಲ್ಲ ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿ ಕೇಳಿದರು.

“ಗಾಡಿ ಅಂಗಡೀಲಿ ನಿಂತಾಗ ಎಲ್ಲಾ ಬರಾಬರ್ ಇರ್ತದೆ ಭಾಯ್. ಅವ್ರು ಮೀನು ಹೇರ್ಕಂಡು ಹೋಗ್ವಾಗ ನೋಡಿದ್ರಾ ನೀವು?”

ನೋಡಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹೊನ್ನಾವರದ ಸೇತುವೆ ದಾಟುವ ಹೊತ್ತಿಗೆ ನಿರ್ಧಾರ ಮಾಡಿದೆ. ನಾಳೆ ಅಂಗಡಿ ತೆರೆಯುವುದಿಲ್ಲ.

ಬೆಳಿಗ್ಗೆ ಅಣ್ಣ ಮೀನು ಹೇರಿಕೊಂಡು ಬಂದಾಗ ಸ್ಪ್ರಿಂಗು ಈಗಲೇ ಹಾಕುವುದಿಲ್ಲ ಎಂದು ಹೇಳಿ, “ಇವತ್ತು ನಿಮ್ಮ ಸೈಕಲ್ ನಾ ಹೊಡೀತೆ, ನನ್ನ ಸೈಕಲ್ ನೀವು ತಕಳಿ,” ಅಂದೆ.

“ಹುಚ್ಚಾ ನಿಂಗೆ? ಪೆಟ್ಗೆ ಭಾರ ಗುತ್ತಿಲ್ಲ ನಿಂಗೆ.”

“ಗುತ್ತಾಗ್ಲಿ ಅಂತೇ.”

ಹೊರಟೆವು. ಭಾರದ ಪೆಟ್ಟಿಗೆ ಕಟ್ಟಿದ ಸೈಕಲ್ ಹೊಡೆಯುವುದು ಅಂದರೆ ಹಟಮಾರಿ ಹೋರಿಯ ಬಾಲ ಹಿಡಿದ ಹಾಗೆ. ಎರಡು ಸಲ ಗಟಾರಕ್ಕೆ ಇಳಿಯುವವನಿದ್ದೆ. ಅಣ್ಣ ಹಿಂದಿನಿಂದ ನಗುತ್ತಿದ್ದರು. ಆದರೂ ಸಪಾಟು ರಸ್ತೆಯಲ್ಲಿ ಸೈಕಲ್ ಚೆನ್ನಾಗಿಯೇ ಓಡಿತು. ಆಮೇಲೆ ಚಿರೆಕಲ್ಲು ಗಣಿಯ ಹತ್ತಿರದ ಇಳಿಜಾರು ಬಂತು. ಇಳಿಜಾರಿನ ತಳದಲ್ಲಿ ಒಂದು ಮೋರಿ, ಮೋರಿಯ ಮೇಲೆಯೇ ತಿರುವು, ತಿರುವು ಮುಗಿದದ್ದೇ ಉದ್ದದ ಏರು. ಅಣ್ಣನಿಗೆ ಉಸಿರು ಸಿಗದ ಏರು ಅದೇ.

ಇಳಿಯುವಾಗ ಪೆಟ್ಟಿಗೆ ಹಿಂದಿನಿಂದ ದೂಡಿತು. ಅಂಗಡಿಯಲ್ಲಿ ಎರಡು ಬೆರಳಲ್ಲಿ ಒತ್ತಿದ ಹಿಡಿಕೆಯನ್ನು ಇಲ್ಲಿ ಜೀವಭಯದಿಂದ ಇಡೀ ಮುಷ್ಟಿಯಲ್ಲಿ ಒತ್ತಿದೆ. ತಿರುವು ದಾಟಿ ಹಿಡಿಕೆ ಬಿಟ್ಟೆ, ಪೆಡಲ್ ತುಳಿದೆ. ಸೈಕಲ್ ಮುಂದೆ ಹೋಗಲಿಲ್ಲ. ನಿಂತು ತುಳಿದೆ. ಹೋಯಿತು, ಆದರೆ ಕೆಸರು ಗದ್ದೆಯಲ್ಲಿ ಕಾಲೆಳೆದಂತೆ. ಏರಿನ ಅರ್ಧಕ್ಕೆ ಬರುವಾಗ ನನ್ನ ಉಸಿರು ಸಿಕ್ಕಿಹಾಕಿಕೊಂಡಿತ್ತು, ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ನನಗೆ ಆಗ ನಲವತ್ತೂ ತುಂಬಿರಲಿಲ್ಲ. ಇಳಿದು ನಿಂತೆ. ತಲೆಯೆತ್ತಿ ನೋಡಿದರೆ ಅಣ್ಣ ನನ್ನ ಖಾಲಿ ಸೈಕಲ್ಲಿನಲ್ಲಿ ಏರಿನ ನೆತ್ತಿ ತಲುಪಿ, ಒಂದು ಕಾಲು ನೆಲಕ್ಕೆ ಊರಿ, ಬೀಡಿ ಹುಡುಕುತ್ತಿದ್ದರು.

“ಎಂತ ಆಯ್ತಾ?” ಎಂದು ಮೇಲಿನಿಂದ ಕೂಗಿದರು.

ನಾನು ಬಗ್ಗಿ ಹಿಂದಿನ ರಿಮ್ಮು ಮುಟ್ಟಿದೆ. ಕೈ ಚುರ್ ಅಂದಿತು. ರಬ್ಬರು ಎರಡೂ ಕಡೆ ರಿಮ್ಮಿಗೆ ಕಚ್ಚಿಕೊಂಡೇ ಇದ್ದವು. ಹಿಡಿಕೆ ಬಿಟ್ಟು ಅಷ್ಟು ಹೊತ್ತಾದರೂ ಲಾಳ ಹಿಂದೆ ಸರಿದಿರಲಿಲ್ಲ. ಹಿಮ್ಮಡಿಯಿಂದ ಒಂದು ಒದೆ ಕೊಟ್ಟೆ. ಟಕ್ ಎಂದು ಬಿಟ್ಟಿತು.

ಅಣ್ಣ ಇಳಿದು ಬಂದು ತಾವೂ ಮುಟ್ಟಿ ನೋಡಿದರು. ಇನ್ನೊಮ್ಮೆ ಮುಟ್ಟಿದರು.

ಆಗ ನನಗೆ ಅರ್ಥವಾಯಿತು. ಮೆಲ್ಲಗೆ ಒತ್ತಿದರೆ ಲಾಳ ಗೈಡಿನಲ್ಲಿ ಸ್ವಲ್ಪವೇ ಸರಿಯುತ್ತದೆ, ಸಲೀಸಾಗಿ ಹಿಂದೆ ಬರುತ್ತದೆ. ಮುಷ್ಟಿ ಬಿಗಿದು ಒತ್ತಿದರೆ ಇನ್ನೂ ಆಳಕ್ಕೆ ಹೋಗುತ್ತದೆ. ಆ ಆಳದಲ್ಲೇ ಏನೋ ಅದನ್ನು ಹಿಡಿದುಕೊಳ್ಳುತ್ತಿತ್ತು. ನಾನು ಹೊಸ ರಬ್ಬರು ಹಾಕಿದಾಗ ದಪ್ಪವಿದ್ದ ಕಾರಣ ಲಾಳ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ರಬ್ಬರು ಸವೆದ ಹಾಗೆ ಮತ್ತೆ ಅದೇ ಜಾಗಕ್ಕೆ ಬಂತು. ಆ ಏನೋ ಯಾವುದು ಎಂಬುದೊಂದೇ ಬಾಕಿ. ತುಕ್ಕಾದರೆ ಕೆಂಪು ಪುಡಿ ಬೀಳಬೇಕಿತ್ತು, ಬೀಳುತ್ತಿರಲಿಲ್ಲ.

ಮೀನು ಖಾಲಿಯಾದ ಮೇಲೆ, ಲಾಳ ಪೂರ್ತಿ ಬಿಚ್ಚಿ ನೋಡೋಣ ಎಂದು ಅವರ ಜೊತೆ ಬಾಡಕ್ಕೇ ಹೋದೆ. ಅಣ್ಣ ಸೈಕಲ್ಲನ್ನು ಅಂಗಳದ ತೆಂಗಿನ ಮರಕ್ಕೆ ಒರಗಿಸಿ ಬಾವಿಕಟ್ಟೆಗೆ ಮೀಯಲು ಹೋದರು. ನಾನು ಸ್ಪ್ಯಾನರು ತೆಗೆಯುತ್ತಿದ್ದೆ. ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಬಂದರು. ಸಣ್ಣ ದೇಹದ, ಚುರುಕು ನಡಿಗೆಯ ಹೆಂಗಸು. ಒಂದು ಕೊಡ ಸಿಹಿನೀರನ್ನು ಸೈಕಲ್ಲಿನ ಹಿಂಭಾಗಕ್ಕೆ ಸುರಿದರು. ಸೆರಗಿನಿಂದಲೇ ಒರೆಸಿದರು. ಆಮೇಲೆ ಕರಟದಲ್ಲಿ ಎಣ್ಣೆ ತಂದು, ತೆಂಗಿನ ನಾರಿನ ಕುಂಚ ಅದ್ದಿ, ಲಾಳಕ್ಕೆ, ಗೈಡಿಗೆ, ಕೀಲಿಗೆ ಬಳಿಯತೊಡಗಿದರು. ಒಂದು ಸಂದಿಯನ್ನೂ ಬಿಡಲಿಲ್ಲ.

ತಾರ್ಲೆ ಎಣ್ಣೆ. ತಾರ್ಲೆ ಮೀನು ಕುದಿಸಿ ತೆಗೆದ ಎಣ್ಣೆ. ನಮ್ಮ ಕಡೆ ಮರದ ದೋಣಿಗೆ ಹುಳು ಹಿಡಿಯದ ಹಾಗೆ, ನೀರು ಕುಡಿಯದ ಹಾಗೆ ಇದನ್ನೇ ಬಳಿಯುವುದು. ಬಿಸಿಲಿಗೆ ಒಣಗಿ ಮರದ ಮೇಲೆ ಗಟ್ಟಿ ಪೊರೆಯಾಗಿ ಕೂರುತ್ತದೆ, ಅದೇ ಅದರ ಗುಣ. ಗೈಡಿನೊಳಗೆ ನಾನು ತುಕ್ಕಿನ ಕಲೆ ಎಂದು ಬಿಟ್ಟ ಕಂದು ಪೊರೆ ಕಣ್ಣ ಮುಂದೆ ಬಂತು. ಅಂಗಡಿಯಲ್ಲಿ ವಾಸನೆ ಬಂದಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬಂದಿತ್ತು. ಮೀನಿನವರ ಸೈಕಲ್ ಮೀನು ನಾರದೆ ಮಲ್ಲಿಗೆ ನಾರುತ್ತದೆಯೇ.

ಬೇರೆ ಯಾರಾದರೂ ಆಗಿದ್ದರೆ ನನ್ನ ಬಾಯಿ ಅಲ್ಲೇ ಶುರುವಾಗುತ್ತಿತ್ತು. ಆದರೆ ಆ ಹೆಂಗಸು ಕುಂಚ ಆಡಿಸುವ ರೀತಿ ನೋಡಿ ಸ್ಪ್ಯಾನರು ಕೆಳಗಿಟ್ಟೆ. ಮಗುವಿನ ಮೈಗೆ ಎಣ್ಣೆ ಹಚ್ಚುವವರೂ ಅಷ್ಟು ಜಾಗ್ರತೆ ಮಾಡುವುದಿಲ್ಲ.

“ದಿನಾ ಹಚ್ತ್ರಾ ಅಕ್ಕಾ?” ಎಂದೆ.

“ಮೊದ್ಲು ಹುಣ್ಣಿಮೆಗೆ ಒಂದ್ಸಲ ಹಚ್ತಿದ್ದೆ. ನಮ್ಮಪ್ಪನ ದೋಣಿ ಇದ್ರಲ್ಲೇ ಬಾಳಿಕೆ ಬಂದದ್ದು. ಉಪ್ಪು ಮರವನ್ನೂ ತಿಂತದೆ, ಕಬ್ಬಿಣವನ್ನೂ ತಿಂತದೆ, ಅಲ್ದಾ? ಈಗ ಇವ್ರಿಗೆ ತುಳಿಯೂಕೆ ಕಷ್ಟ ಅಂದ ಮೇಲೆ ದಿನಾ ಹಚ್ತೆ. ಎದೆಗಂತೂ ನನ್ನತ್ರ ಮಾಡೂಕೆ ಎಂತ ಅದೆ. ಸೈಕಲ್ ಆದ್ರೂ ಹಗುರ ಓಡ್ಲಿ.”

ಅಣ್ಣ ಏದುಸಿರು ಬಿಟ್ಟಷ್ಟೂ ಈ ಅಕ್ಕ ಹೆಚ್ಚು ಹಚ್ಚಿದರು. ಇವರು ಹಚ್ಚಿದಷ್ಟೂ ಅವರಿಗೆ ಏದುಸಿರು. ಏನಾದರೊಂದು ಸುಳ್ಳು ಹೇಳಿಬಿಡಲೇ ಎಂದು ಯೋಚಿಸಿದೆ. ಹೊಸ ರಬ್ಬರಿಗೆ ಈ ಎಣ್ಣೆ ಆಗಿಬರುವುದಿಲ್ಲ, ಇನ್ನು ಬೇಡ ಎಂದರೆ ಮುಗಿಯಿತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವರು ಕುಂಚ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಎಂತ ಹಾಂಗೆ ನೋಡ್ತೆ? ಇದ್ರಿಂದ ಎಂತಾದ್ರೂ ಆಯ್ತಾ?”

ಆ ಕಣ್ಣಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಲಾಳ ಬಿಚ್ಚಿ, ಗೈಡಿನ ಒಳಗಿನ ಪೊರೆಯನ್ನು ಉಗುರಿನಿಂದ ಕೆರೆದು ತೋರಿಸಿದೆ. ದೋಣಿಗೆ ಗಟ್ಟಿಯಾಗಿ ಕೂತು ಒಳ್ಳೆಯದು ಮಾಡುವುದು, ಇಲ್ಲಿ ಸರಿಯಬೇಕಾದ ಜಾಗದಲ್ಲಿ ಕೂತು ಬ್ರೇಕನ್ನು ಹಿಡಿದುಕೊಳ್ಳುತ್ತದೆ ಎಂದೆ. ಅವರು ಕರಟವನ್ನು ಮೆಲ್ಲಗೆ ನೆಲದ ಮೇಲಿಟ್ಟರು.

“ಹಂಗಾರೆ ಅವ್ರ ಜೀವ ತಿಂದದ್ದು ನಾನೇಯಾ?”

“ಹಾಂಗೆ ಅನ್ಬೇಡಿ ಅಕ್ಕಾ. ನೀವು ಹಚ್ದೆ ಇದ್ದಿದ್ರೆ ಈ ಚೌಕಟ್ಟು ಯಾವತ್ತೋ ಉಪ್ಪಿಗೆ ಉದುರಿ ಹೋಗ್ತಿತ್ತು. ಇದ್ರ ಜೊತೆಗೆ ಬಂದ ಸೈಕಲ್ಲೆಲ್ಲ ಗುಜರಿಗೆ ಹೋದ್ವು,” ಅಂದೆ. ಇದು ಸಮಾಧಾನದ ಮಾತಲ್ಲ, ನಿಜವೇ. ಆದರೆ ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅಣ್ಣ ಬಾವಿಕಟ್ಟೆಯಿಂದ ತಲೆ ಒರೆಸಿಕೊಳ್ಳುತ್ತ ಬಂದು ಅಲ್ಲೇ ನಿಂತಿದ್ದರು. ಎಷ್ಟು ಕೇಳಿಸಿತ್ತೋ ಗೊತ್ತಿಲ್ಲ. ನನ್ನ ಕೈಯಿಂದ ಲಾಳ ತೆಗೆದುಕೊಂಡು ತಿರುಗಿಸಿ ನೋಡಿದರು. ಬಯ್ಯುತ್ತಾರೇನೋ ಎಂದು ನಾನು ಹೆದರಿದೆ.

“ಅಂದ್ರೆ,” ಎಂದು ನಿಧಾನವಾಗಿ ಕೇಳಿದರು, “ಬ್ರೇಕ್ ಹಿಡ್ಕಂಡೇ ನಾ ಆ ಏರು ಹತ್ತಿದ್ನಾ ಇಷ್ಟು ದಿನ?”

“ಹೌದು.”

“ಪೆಟ್ಗೆ ಹೇರ್ಕಂಡು?”

“ಹೌದು ಮಾರಾಯ್ರೆ. ನಾ ಅರ್ಧಕ್ಕೇ ಸತ್ತೆ.”

ಅವರು ಹೆಂಡತಿಯ ಕಡೆ ತಿರುಗಿದರು. “ಕೇಳ್ದ್ಯಾ? ಇವ ಅರ್ಧಕ್ಕೇ ಸತ್ತ. ನಾ ದಿನಾ ಹತ್ತಿದೆ.” ಎಂದು ನಗತೊಡಗಿದರು. ಆ ಹೆಂಗಸು ಅಳು ತಡೆಯಲೂ ಆಗದೆ, ನಗು ತಡೆಯಲೂ ಆಗದೆ, ‘ನಾಚ್ಕೆ ಇಲ್ದವ್ರು’ ಎಂದು ಗಂಡನನ್ನೇ ಬೈದು ಒಳಗೆ ಹೋದರು.

ನಗುವುದೇನೋ ಆಯಿತು, ಪೊರೆ ತೆಗೆಯಬೇಕಲ್ಲ. ಸೀಮೆಎಣ್ಣೆ ಹಾಕಿದೆ, ಅದಕ್ಕೆ ಲೆಕ್ಕವೇ ಇಲ್ಲ. ಮರಳುಕಾಗದ ಗೈಡಿನೊಳಗೆ ಹೋಗುವುದಿಲ್ಲ. ಮೊಳೆಯಿಂದ ಕೆರೆದರೆ ಒಂದು ಕಡೆ ಬಂದರೆ ಇನ್ನೊಂದು ಕಡೆ ಬರಲಿಲ್ಲ. ಹೊಸ ಗೈಡು ಭಟ್ಕಳದಲ್ಲೂ ಇರಲಿಲ್ಲ ಎಂದು ನೆನಪಾಗಿ ಬೆವರಿದೆ. ಆಗ ಅಕ್ಕ ಹೊರಗೆ ಬಂದರು. ಕೈಯಲ್ಲಿ ಒಣಗಿದ ತೆಂಗಿನ ಗರಿಯ, ಅಂದರೆ ಮಡಲಿನ ಕಟ್ಟು.

“ದೋಣಿ ಹಳೇ ಎಣ್ಣೆ ಹೆಂಗೆ ತೆಗೀತ್ರು ಅಂತ ಗುತ್ತಿಲ್ವಾ ನಿಂಗೆ? ಬೆಂಕಿ ತೋರ್ಸ್ಬೇಕು. ನಿನ್ನ ಸೀಮೆಎಣ್ಣೆ ದೂರ ಇಡು.”

ಗೊತ್ತಿತ್ತು. ದಡದಲ್ಲಿ ದೋಣಿ ಮಗುಚಿ ಹಾಕಿ ಮಡಲು ಉರಿಸಿ ಮೈ ಕಾಯಿಸುವುದನ್ನು ಚಿಕ್ಕಂದಿನಿಂದ ನೋಡಿದವ ನಾನು. ಆದರೆ ಸೈಕಲ್ಲಿಗೆ ಅದು ಹೊಳೆಯುವುದು ಹೇಗೆ. ಕಬ್ಬಿಣ ಕೆಂಪಾಗುವಷ್ಟು ಕಾದರೆ ಬಾಗುತ್ತದೆ ಎಂದು ನನಗೆ ಅಂಜಿಕೆಯೂ ಇತ್ತು. ಒಂದು ಕ್ಷಣ ತಡೆದು, “ಆತು, ಮಾಡಿ,” ಎಂದು ರಬ್ಬರು, ಸ್ಪ್ರಿಂಗು ಬೇರೆ ಮಾಡಿ, ಲಾಳವನ್ನೂ ಗೈಡುಗಳನ್ನೂ ತಂತಿಗೆ ಪೋಣಿಸಿ ಅವರ ಕೈಗೇ ಕೊಟ್ಟೆ.

ಅವರು ಉರಿಯಲ್ಲಿ ಇಡಲಿಲ್ಲ. ಉರಿಯ ತುದಿಯಲ್ಲಿ ಆಡಿಸಿದರು, ತೆಗೆದರು, ಮತ್ತೆ ಆಡಿಸಿದರು. ಪೊರೆ ಮೊದಲು ಬೆವರಿತು, ಆಮೇಲೆ ಗುಳ್ಳೆ ಎದ್ದಿತು. ಗುಳ್ಳೆ ಎದ್ದ ಕೂಡಲೇ “ಈಗ,” ಅಂದರು. ನಾನು ಗೋಣಿ ಸುತ್ತಿದ ಮೊಳೆ ತೂರಿಸಿ ತಿರುವಿದೆ. ಕರಿ ತೊಗಟೆ ಹಾಗೇ ಸುಲಿದು ಬಂತು. ಒಳಗೆ ಕಬ್ಬಿಣ ಹೊಸದರಂತೆ ಹೊಳೆಯಿತು, ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ಅವರಿಗೆ ತೋರಿಸಿದೆ. ಆಗ ನನ್ನ ಮಾತು ಕೇಳಿಸಿಕೊಳ್ಳದಿದ್ದವರು ಈ ಸಲ ನೋಡಿದರು.

ಮತ್ತೆ ಜೋಡಿಸಿ, ಭಟ್ಕಳದ ಸ್ಪ್ರಿಂಗು ಹಾಕಿ, ಮಶಿನ್ ಎಣ್ಣೆ ಎರಡು ಹನಿ ಬಿಟ್ಟು ಒರೆಸಿದೆ. ಚೌಕಟ್ಟಿಗೆ, ಮಡ್ಗಾರ್ಡಿಗೆ ತಾರ್ಲೆ ಎಣ್ಣೆಯೇ ಇರಲಿ, ಸರಿಯುವ ಜಾಗಕ್ಕೆ ಮಾತ್ರ ಈ ಡಬ್ಬಿಯದು ಎಂದು ಅಕ್ಕನಿಗೆ ಮುಟ್ಟಿ ಮುಟ್ಟಿ ತೋರಿಸಿದೆ. ಅವರು ತಾವೇ ಹಿಡಿಕೆಯನ್ನು ಎರಡೂ ಕೈಯಲ್ಲಿ ಬಲವಾಗಿ ಒತ್ತಿ ಬಿಟ್ಟರು. ಲಾಳ ಟಕ್ ಎಂದು ಹಿಂದೆ ಬಂತು. ಸಾಕು ಎಂದು ನಾನು ಹೇಳುವವರೆಗೂ ಒತ್ತುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಅಣ್ಣ ಅಂಗಡಿಯ ಮುಂದೆ ಹಾದಾಗ ನಾನು ಕಿಸೆಗೆ ಇಕ್ಕಳ ಹಾಕಿಕೊಂಡು ನನ್ನ ಸೈಕಲ್ಲಿನಲ್ಲಿ ಹಿಂದೆಯೇ ಹೊರಟೆ. ಬೇಡ ಎಂದರೂ ಕೇಳಲಿಲ್ಲ. ಇಳಿಜಾರಿನಲ್ಲಿ ಅವರು ಮುಷ್ಟಿ ಬಿಗಿದು ಬ್ರೇಕು ಒತ್ತಿದ್ದು ಕಂಡಿತು. ತಿರುವಿನಲ್ಲಿ ಬಿಟ್ಟರು. ಏರು ಶುರುವಾಯಿತು. ಅರ್ಧ ದಾಟಿದರು, ಮುಕ್ಕಾಲು ದಾಟಿದರು. ನೆತ್ತಿಗೆ ಇನ್ನು ಸ್ವಲ್ಪವೇ ಇದೆ ಅನ್ನುವಾಗ ಸೈಕಲ್ ತೂರಾಡಿತು. ಇಳಿದುಬಿಟ್ಟರು.

ನನ್ನ ಸೈಕಲ್ಲನ್ನು ಅಲ್ಲೇ ಬಿಟ್ಟೆ. ಓಡಿ ಹೋಗಿ, ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕೂತು ರಿಮ್ಮು ಹಿಡಿದೆ. ತಣ್ಣಗಿತ್ತು. ಈ ಕಡೆ ಮುಟ್ಟಿದೆ, ಆ ಕಡೆ ಮುಟ್ಟಿದೆ. ಎಲ್ಲಾ ಕಡೆ ತಣ್ಣಗೆ. ಹಾಗಾದರೆ ಡಾಕ್ಟರು ಹೇಳಿದ್ದೇ ಸರಿಯೇ, ಹೇಗೆ ಹೇಳಲಿ ಇವರಿಗೆ ಎಂದು ತಲೆ ತಗ್ಗಿಸಿಕೊಂಡೇ ಕೂತಿದ್ದೆ. ಮೇಲಿನಿಂದ ಅವರ ಏದುಸಿರು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಇಳಿಯಿತು.

“ಕೈ ತೆಗಿ,” ಅಂದರು ಅಣ್ಣ. “ಅದ್ರದ್ದಲ್ಲ. ಇದು ನಂದೇ ಸುಸ್ತು.”

ತಲೆಯೆತ್ತಿ ನೋಡಿದೆ. ಬೆವರು ಒರೆಸಿಕೊಳ್ಳುತ್ತ, ತಾವು ಹತ್ತಿ ಬಂದ ಏರನ್ನು ಕೆಳಗಿನ ಮೋರಿಯವರೆಗೂ ನೋಡುತ್ತ ನಿಂತಿದ್ದರು.

“ಇಷ್ಟೇ ಆದ್ರೆ ನಡೀತದೆ,” ಅಂದರು. ಉಳಿದ ನಾಲ್ಕು ಮಾರು ದೂರವನ್ನು ತಳ್ಳಿಕೊಂಡೇ ಹತ್ತಿ, ನೆತ್ತಿಯಲ್ಲಿ ಸೈಕಲ್ ಏರಿ ಹೋದರು.